ತಪ್ಪು ಯಾವ ಪುಟದಲ್ಲಿದೆ?

ನಮ್ಮ ಕಾಲೇಜಿನ ಹದಿನಾಲ್ಕು ಮಂದಿ ಬಿಎಸ್ಸಿ ವಿದ್ಯಾರ್ಥಿಗಳು ಸೇರಿ ಕಳೆದ ಜೂನ್‌ನಲ್ಲಿ ಜೀವಶಾಸ್ತ್ರ ಮತ್ತು ತಳಿವಿಜ್ಞಾನ ಹೇಳಿಕೊಡುವ ಘಟಕವೊಂದನ್ನು ಕಟ್ಟಿಕೊಂಡರು. ತಿಂಗಳಿಗೆ ಎರಡು ಶನಿವಾರ ಸುತ್ತಲಿನ ಹಳ್ಳಿಗಳ ಪ್ರೌಢಶಾಲೆಗೆ ಹೋಗುತ್ತಾರೆ, ಎರಡು ಪಿರಿಯಡ್ ಮಕ್ಕಳ ಜೊತೆ ಕೂತು ಬರುತ್ತಾರೆ. ಇದನ್ನು ನಿಲ್ಲಿಸಬೇಕೆಂದು ನಾಲ್ಕು ಪುಟದ ಮನವಿ ಪ್ರಾಂಶುಪಾಲರ ಮೇಜಿಗೆ ಬಂದಿದೆ. ಸಹಿ ಹಾಕಿದವರಲ್ಲಿ ನನ್ನ ಸಹೋದ್ಯೋಗಿಗಳಿದ್ದಾರೆ, ಪೋಷಕರಿದ್ದಾರೆ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಹಿರಿಯರೂ ಇದ್ದಾರೆ. ಪ್ರಾಣಿಶಾಸ್ತ್ರ ಕಲಿಸುವವಳಾಗಿ, ಈ ಮಕ್ಕಳ ಬೆನ್ನಿಗೆ ನಿಂತವಳಾಗಿ ಉತ್ತರಿಸುವ ಹೊಣೆ ನನ್ನದು. ಮನವಿಯ ಒಂದೊಂದು ಮಾತನ್ನೂ ಅವರ ಅರ್ಥ ಕೆಡದಂತೆ ಎತ್ತಿ ಇಡುತ್ತೇನೆ. ತೀರ್ಪು ಓದುಗರದು.

ಮೊದಲ ಆಕ್ಷೇಪ: ಇನ್ನೂ ಕಲಿಯುತ್ತಿರುವವರು ಕಲಿಸಬಾರದು, ಅವರು ಹೇಳಿದ ತಪ್ಪು ಮಕ್ಕಳ ತಲೆಯಲ್ಲಿ ಕಾಯಂ ಆಗಿ ಕೂರುತ್ತದೆ. ತಪ್ಪಿನ ಭಯ ನನಗೂ ಇದೆ. ಆದರೆ ಈ ಮಾತಿನೊಳಗೆ ಹೇಳದೇ ಬಿಟ್ಟ ಇನ್ನೊಂದು ಮಾತು ಅಡಗಿದೆ: ಕಲಿತು ಮುಗಿಸಿದವರು ತಪ್ಪು ಹೇಳುವುದಿಲ್ಲ ಎಂಬುದು. ಅದು ಸುಳ್ಳೆಂಬುದಕ್ಕೆ ನಾನೇ ಸಾಕ್ಷಿ. ನಾಲಿಗೆಯನ್ನು ಕೊಳವೆಯಂತೆ ಮಡಿಸುವ ಸಾಮರ್ಥ್ಯ ಒಂದೇ ಜೀನ್‌ನಿಂದ ಬರುವ ಪ್ರಬಲ ಲಕ್ಷಣವೆಂದು ನಾನು ಹನ್ನೊಂದು ವರ್ಷ ಪಾಠ ಮಾಡಿದೆ. ತರಗತಿಯಲ್ಲಿ ಎಲ್ಲರಿಂದ ನಾಲಿಗೆ ಮಡಿಸಿಸಿ ಬೋರ್ಡಿನ ಮೇಲೆ ಲೆಕ್ಕ ಬರೆದೆ. ಅದನ್ನು ತಿದ್ದಿದ್ದು ಇದೇ ಘಟಕದ ಎರಡನೇ ವರ್ಷದ ಹುಡುಗಿ. ಹಳ್ಳಿಗೆ ಹೋಗುವ ಮುಂಚಿನ ತಯಾರಿಯ ದಿನ ಎದ್ದು ನಿಂತು, "ಮೇಡಂ, ಇದನ್ನ ಹೇಳೋದು ಬೇಡ, ಇದು ಸರಿಯಿಲ್ಲ" ಎಂದಳು. ಓದಿ ನೋಡಿದೆ. ಅವಳು ಹೇಳಿದ್ದೇ ಸರಿ.

ಆ ತಪ್ಪಿನ ಹಿಂದಿನ ಕತೆಯನ್ನು ಮನವಿ ಬರೆದವರು ಕೇಳಬೇಕು. ನಾಲಿಗೆ ಮಡಿಸುವುದು ಅನುವಂಶೀಯ ಲಕ್ಷಣವೆಂದು 1940ರಲ್ಲಿ ಬರೆದವರು ತಳಿವಿಜ್ಞಾನಿ ಆಲ್ಫ್ರೆಡ್ ಸ್ಟರ್ಟ್‌ವಂಟ್. ಆ ಹೊತ್ತಿಗೆ ಅವರು ದೊಡ್ಡ ಪ್ರಾಧ್ಯಾಪಕರು. 1952ರಲ್ಲಿ ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ ಕೆಲವು ಜೋಡಿಗಳಲ್ಲಿ ಒಬ್ಬರು ನಾಲಿಗೆ ಮಡಿಸಬಲ್ಲವರು, ಇನ್ನೊಬ್ಬರು ಮಡಿಸಲಾರದವರು ಎಂದು ಕಂಡಿತು. ಜೀನ್‌ಗಳೆಲ್ಲ ಒಂದೇ ಆಗಿರುವ ಇಬ್ಬರಲ್ಲಿ ಹೀಗಾಗುವುದಾದರೆ ಒಂದೇ ಜೀನ್‌ನ ಲೆಕ್ಕ ನಿಲ್ಲುವುದಿಲ್ಲ. ಸ್ಟರ್ಟ್‌ವಂಟ್ ಒಪ್ಪಿಕೊಂಡರು. ಈ ಉದಾಹರಣೆ ಇನ್ನೂ ಪುಸ್ತಕಗಳಲ್ಲಿ ಅಚ್ಚಾಗುತ್ತಿರುವುದು ತಮಗೆ ಮುಜುಗರ ತರುತ್ತದೆ ಎಂದು 1965ರ ತಮ್ಮ ಪುಸ್ತಕದಲ್ಲಿ ಬರೆದರು. ಆದರೂ ನನ್ನಂಥವರು ಹೇಳಿಕೊಡುತ್ತಲೇ ಬಂದೆವು. ಇದೇ ಸ್ಟರ್ಟ್‌ವಂಟ್ 1911ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇನ್ನೂ ಪದವಿ ಮುಗಿಸದ ವಿದ್ಯಾರ್ಥಿಯಾಗಿದ್ದಾಗ, ತಮ್ಮ ಗುರು ಮಾರ್ಗನ್ನರ ಹಣ್ಣುನೊಣದ ಲೆಕ್ಕಗಳನ್ನು ಮನೆಗೆ ಒಯ್ದು ಒಂದೇ ರಾತ್ರಿಯಲ್ಲಿ ಜಗತ್ತಿನ ಮೊದಲ ಜೀನ್ ನಕ್ಷೆ ಬರೆದರು. 1913ರಲ್ಲಿ ಪ್ರಕಟವಾದ ಆ ನಕ್ಷೆಯ ತತ್ವ ಇಂದಿಗೂ ನಿಂತಿದೆ. ವಿದ್ಯಾರ್ಥಿಯಾಗಿ ಬರೆದದ್ದು ಉಳಿಯಿತು, ಪ್ರಾಧ್ಯಾಪಕರಾಗಿ ಬರೆದದ್ದು ಬಿತ್ತು. ನಮ್ಮ ಮಕ್ಕಳೆಲ್ಲ ಸ್ಟರ್ಟ್‌ವಂಟರೆಂದು ನಾನು ಹೇಳುತ್ತಿಲ್ಲ. ಹೇಳಿದ್ದು ಸರಿಯೋ ತಪ್ಪೋ ಎಂಬುದನ್ನು ಹೇಳಿದವರ ಪದವಿ ತೀರ್ಮಾನಿಸುವುದಿಲ್ಲ, ಪರೀಕ್ಷೆ ತೀರ್ಮಾನಿಸುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಬಿ.ಎಡ್. ಇಲ್ಲದವರು ತರಗತಿಗೆ ಕಾಲಿಡಬಾರದೆಂಬ ಉಪವಾಕ್ಯವೊಂದೂ ಅಲ್ಲಿದೆ. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಎರಡು ಸಲ ಯಶಸ್ಸು ಕಾಣದೆ, ಬದಲಿ ಶಿಕ್ಷಕರಾಗಿಯೇ ವರ್ಷಗಟ್ಟಲೆ ಪಾಠ ಮಾಡಿದವರು ತಳಿವಿಜ್ಞಾನಕ್ಕೆ ತಳಹದಿ ಹಾಕಿದ ಗ್ರೆಗರ್ ಮೆಂಡೆಲ್. ಅಷ್ಟು ಸಾಕು.

ತಪ್ಪಾಗದಂತೆ ಈ ಮಕ್ಕಳು ಏನು ಮಾಡುತ್ತಾರೆಂದು ಮನವಿ ಬರೆದವರು ವಿಚಾರಿಸಲಿಲ್ಲ, ಆದ್ದರಿಂದ ಹೇಳುತ್ತೇನೆ. ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ಇದೆ. ಪ್ರತಿ ಶನಿವಾರದ ಪಾಠ, ಯಾರು ಹೇಳಿದರು, ಮಕ್ಕಳು ಏನು ಕೇಳಿದರು ಎಂಬುದೆಲ್ಲ ಅದರಲ್ಲಿ ಇದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಕೆಂಪು ಶಾಯಿಯಲ್ಲಿ ಗುರುತು. ಆಗಸ್ಟ್‌ನಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಕೇಳಿದ: "ಬಾಳೆಹಣ್ಣಿಗೆ ಬೀಜವೇ ಇಲ್ಲ, ಹಂಗಾರೆ ಅದರ ಅಪ್ಪ ಅಮ್ಮ ಯಾರು?" ಪಾಠ ಮಾಡುತ್ತಿದ್ದವನು "ನಂಗೊತ್ತಿಲ್ಲ, ಮುಂದಿನ ಸಲ ಹೇಳ್ತೀನಿ" ಎಂದು ಬರೆದುಕೊಂಡು ಬಂದ. ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚಿನವುಗಳ ಜೀವಕೋಶದಲ್ಲಿ ವರ್ಣತಂತುಗಳು ಎರಡು ಗುಂಪಿನ ಬದಲು ಮೂರು ಗುಂಪಿನಲ್ಲಿರುತ್ತವೆ, ಹನ್ನೊಂದರಂತೆ ಮೂವತ್ತಮೂರು. ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದು, ಅದಕ್ಕೇ ಬೀಜ ಕಟ್ಟುವುದಿಲ್ಲ. ಆದರೆ ಅದರ ಪೂರ್ವಜರು ಬೀಜವಿರುವ ಕಾಡುಬಾಳೆಗಳೇ. ಎರಡು ವಾರದ ನಂತರ ಅದೇ ಹುಡುಗನಿಗೆ ಅವನು ಇದನ್ನು ಹೇಳಿ ಬಂದ. "ಗೊತ್ತಿಲ್ಲ" ಎಂದ ಗುರು ತಿರುಗಿ ಬಂದು ಉತ್ತರ ಹೇಳುವುದನ್ನು ಆ ಹುಡುಗ ನೋಡಿದ. ಕಾಯಂ ಆಗಿ ಕೂತದ್ದು ಅದು.

ಎರಡನೆಯದು: ಇದೆಲ್ಲ ಪಠ್ಯದಲ್ಲೇ ಇದೆ, ಹೇಳಿಕೊಡಲು ಶಿಕ್ಷಕರಿದ್ದಾರೆ, ಹೊರಗಿನವರು ಹೋಗುವುದು ಅವರಿಗೆ ಅವಮಾನ. ಇದು ಮನವಿಯ ಎರಡನೇ ಪುಟ. ಮೂರನೇ ಪುಟದಲ್ಲಿ ಅದೇ ಕೈ ಬರೆದಿದೆ: ತಳಿವಿಜ್ಞಾನ ಆ ವಯಸ್ಸಿನ ಮಕ್ಕಳಿಗೆ ತಕ್ಕದ್ದಲ್ಲ. ತಕ್ಕದ್ದಲ್ಲದ ವಿಷಯ ಪಠ್ಯದಲ್ಲಿ ಹೇಗೆ ಬಂತು? ಪಠ್ಯದಲ್ಲಿ ಇರುವುದು ಸರಿಯೆಂದರೆ, ಅದನ್ನೇ ಇನ್ನಷ್ಟು ಬಿಡಿಸಿ ಹೇಳುವುದು ಹೇಗೆ ತಪ್ಪಾಯಿತು? ಎರಡರಲ್ಲಿ ಒಂದನ್ನು ಅವರು ಬಿಟ್ಟುಕೊಡಲೇಬೇಕು. ಶಿಕ್ಷಕರ ಅವಮಾನದ ಮಾತನ್ನಂತೂ ಶಿಕ್ಷಕರು ಯಾರೂ ಆಡಿಲ್ಲ. ನಾವು ಹೋದ ಪ್ರತಿ ಶಾಲೆಯಲ್ಲೂ ವಿಜ್ಞಾನದ ಮೇಷ್ಟ್ರು ಅಥವಾ ಟೀಚರ್ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ, ತಪ್ಪಿದ ಕಡೆ ಕೈಯೆತ್ತುತ್ತಾರೆ. ಅವರೇ ಕರೆದ ಮೇಲಲ್ಲದೆ ಘಟಕದವರು ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿಲ್ಲ. ಇನ್ನು ಪಠ್ಯದ ಮಾತು: ಎನ್‌ಸಿಇಆರ್‌ಟಿ 2023ರಲ್ಲಿ ತನ್ನ 10ನೇ ತರಗತಿಯ ಪುಸ್ತಕದ ಅನುವಂಶೀಯತೆಯ ಅಧ್ಯಾಯದಿಂದ ಜೀವವಿಕಾಸದ ಭಾಗವನ್ನೇ ಕೈಬಿಟ್ಟಿತು. ಪುಸ್ತಕ ತೆಳ್ಳಗಾಗುತ್ತಿರುವ ಕಾಲದಲ್ಲಿ ಪುಸ್ತಕವೊಂದೇ ಸಾಕೆನ್ನುವುದು ವಾದವಾಗುವುದಿಲ್ಲ.

ಮೂರನೆಯದು ಲ್ಯಾಬಿನ ಮಾತು. ತಳಿವಿಜ್ಞಾನವೆಂದರೆ ಲಕ್ಷಾಂತರ ರೂಪಾಯಿಯ ಯಂತ್ರಗಳು, ಹಂಚಿನ ಮಾಡಿನ ಶಾಲೆಯಲ್ಲಿ ಲೋಟ ಹಿಡಿದು ಮಾಡುವುದು ಆಟ, ಮಕ್ಕಳಿಗೆ ಲೋಳೆ ತೋರಿಸಿ ಡಿಎನ್ಎ ಎನ್ನುವುದು ಮೋಸ.

ಆ ಲೋಟದ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿದವಳು ನಾನು. ಹೊರಗೆ ಜೋರು ಮಳೆ. ಅರ್ಧ ಪಚ್ಚಬಾಳೆಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಬ್ಬಳು ಕಿವುಚಿದಳು. ಒಂದು ಚಿಟಿಕೆ ಉಪ್ಪು, ಪಾತ್ರೆ ತೊಳೆಯುವ ಸೋಪಿನ ನೀರು ನಾಲ್ಕು ಹನಿ. ಸೋಪು ಜೀವಕೋಶದ ಪೊರೆಯ ಕೊಬ್ಬನ್ನು ಕರಗಿಸುತ್ತದೆ ಎಂದು ವಿವರಿಸುತ್ತಲೇ ತೆಳುಬಟ್ಟೆಯಲ್ಲಿ ಸೋಸಿದಳು. ರಸ್ತೆಯಾಚೆಯ ಬೇಕರಿಯ ಫ್ರಿಜ್ಜಿನಲ್ಲಿ ಬೆಳಗಿನಿಂದ ಇಟ್ಟಿದ್ದ ಸ್ಪಿರಿಟ್ಟನ್ನು ಲೋಟದ ಅಂಚಿನಿಂದ ನಿಧಾನಕ್ಕೆ ಇಳಿಸಿದಳು. ಎರಡು ದ್ರವ ಕೂಡುವಲ್ಲಿ ಬಿಳಿಯ ಎಳೆಗಳು ಮೋಡದ ಹಾಗೆ ಮೇಲೆದ್ದವು. ಬಿದಿರು ಕಡ್ಡಿಗೆ ಸುತ್ತಿ ಎತ್ತಿದಾಗ ನಲವತ್ತು ಮಕ್ಕಳ ತರಗತಿಯಲ್ಲಿ ಹಂಚಿನ ಮೇಲಿನ ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಅವಳು ಹೇಳಿದ್ದು ನೋಟ್‌ಬುಕ್ಕಿನ 23ನೇ ಪುಟದಲ್ಲಿದೆ: "ಇದು ಬರೀ ಡಿಎನ್ಎ ಅಲ್ಲ. ಇದರ ಜೊತೆ ಬಾಳೆಹಣ್ಣಿನ ಪೆಕ್ಟಿನ್, ಪ್ರೋಟೀನು, ಆರ್‌ಎನ್ಎ ಎಲ್ಲ ಸೇರಿದೆ. ಡಿಎನ್ಎಯ ಒಂದೊಂದೇ ಎಳೆ ಕಣ್ಣಿಗೆ ಕಾಣಲ್ಲ, ಲಕ್ಷಗಟ್ಟಲೆ ಒಟ್ಟಾಗಿ ಕಾಣ್ತಿದೆ." ಮೋಸ ಮಾಡುವವರು ಹೀಗೆ ಮಾತಾಡುವುದಿಲ್ಲ. ಮೋಸವೆಂದು ಬರೆದವರು ಆ ಪುಟ ಓದಿದ್ದಾರೆಯೇ? ಓದಿದ್ದರೆ ಆ ಪದ ಬಳಸುತ್ತಿರಲಿಲ್ಲ, ಓದದಿದ್ದರೆ ಬಳಸುವ ಹಕ್ಕಿಲ್ಲ.

ಮೆಂಡೆಲರ ಬಳಿಯೂ ಯಂತ್ರವಿರಲಿಲ್ಲ. ಮಠದ ತೋಟ, ಬಟಾಣಿ ಗಿಡ, ಎಣಿಸುವ ತಾಳ್ಮೆ ಇಷ್ಟೇ. ಎರಡನೇ ಪೀಳಿಗೆಯಲ್ಲಿ 5,474 ದುಂಡು ಕಾಳು, 1,850 ಸುಕ್ಕುಗಾಳು ಎಣಿಸಿದರು, ಮೂರಕ್ಕೆ ಒಂದು. ನಮ್ಮ ಸೀಮೆಯಲ್ಲಿ ಹುಡುಕುವವರಿಗೆ ತೋಟಗದ್ದೆಗಳೇ ಪ್ರಯೋಗಶಾಲೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಹೆಸರಿನಲ್ಲೇ ಎರಡೂ ನೆಲಗಳಿವೆ. ಗಿಡ್ಡವಾಗಿ ಬೆಳೆಯುವ ಹಿರೇಹಳ್ಳಿ ಅಡಿಕೆಯನ್ನು ಎತ್ತರದ ತಳಿಗಳೊಂದಿಗೆ ಕೂಡಿಸಿ ವಿಟ್ಲದ ಸಂಶೋಧನಾ ಕೇಂದ್ರ ಗಿಡ್ಡ ಮಿಶ್ರತಳಿಗಳನ್ನು ಮಾಡಿದೆ. ಅಪ್ಪ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನಾಗಿರುವ ಮಗುವಿಗೆ, ಮರ ಗಿಡ್ಡವಾದರೆ ಏನು ಲಾಭವೆಂದು ಯಾರೂ ಹೇಳಿಕೊಡಬೇಕಿಲ್ಲ. ಅದು ಹೇಗೆ ಗಿಡ್ಡವಾಯಿತೆಂದು ಹೇಳಿಕೊಟ್ಟರೆ ಸಾಕು.

ನಾಲ್ಕನೆಯದು ಭಾಷೆಯದು: ತಳಿವಿಜ್ಞಾನಕ್ಕೆ ಕನ್ನಡದಲ್ಲಿ ಪದಗಳಿಲ್ಲ, ಇಂಗ್ಲಿಷಿನಲ್ಲಿ ಕಲಿಸದಿದ್ದರೆ ಮುಂದೆ ಮಕ್ಕಳು ಹಿಂದೆ ಬೀಳುತ್ತಾರೆ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 'ವಿಜ್ಞಾನ' ಪತ್ರಿಕೆ ತಂದದ್ದು 1918ರಲ್ಲಿ. ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿ ಸಸ್ಯಗಳನ್ನು ತೋರಿಸಿದ ಅನುಭವದಿಂದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಬಂತು, ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಪದವಿಲ್ಲ ಎಂಬ ಮಾತು ನೂರು ವರ್ಷ ಹಳೆಯದು, ಅದಕ್ಕೆ ಉತ್ತರವೂ ಅಷ್ಟೇ ಹಳೆಯದು.

ಇರುವ ತೊಂದರೆ ಬೇರೆ, ಅದನ್ನು ಕಂಡವರು ಈ ಮಕ್ಕಳೇ. ಪ್ರಬಲ ಗುಣದ ಎದುರು ಮರೆಯಾಗುವ ಗುಣವನ್ನು 'ದುರ್ಬಲ ಗುಣ' ಎಂದು ಕರೆಯುವ ರೂಢಿ ಇದೆ. ಒಂಬತ್ತನೇ ತರಗತಿಯಲ್ಲಿ ಒಬ್ಬಳು, "ಹಂಗಾರೆ ಗಿಡ್ಡ ಬಟಾಣಿ ಗಿಡಕ್ಕೆ ಶಕ್ತಿ ಇರಲ್ವಾ?" ಎಂದು ಕೇಳಿದಳು. ಅವಳು ಕೇಳಿದ್ದು ನ್ಯಾಯವೇ, ಪದ ಅವಳನ್ನು ತಪ್ಪುದಾರಿಗೆ ಎಳೆದಿತ್ತು. ಆ ಗುಣಕ್ಕೆ ಬಲ ಕಡಿಮೆಯೇನಿಲ್ಲ, ಜೊತೆಯ ಜೀನ್ ಬೇರೆಯಾಗಿದ್ದಾಗ ಹೊರಗೆ ಕಾಣಿಸಿಕೊಳ್ಳುವುದಿಲ್ಲ ಅಷ್ಟೆ. ಅಂದಿನಿಂದ ಘಟಕದವರು 'ಅಡಗಿದ ಗುಣ' ಎನ್ನುತ್ತಾರೆ, ಪರೀಕ್ಷೆಗೆ ಬರೆಯಬೇಕಾದ ಪದವನ್ನು ಬೋರ್ಡಿನ ಬದಿಯಲ್ಲಿ ಬೇರೆಯಾಗಿ ಬರೆಯುತ್ತಾರೆ. 'ರಿಸೆಸಿವ್' ಎಂದು ಉರುಹೊಡೆದ ಮಗು ಈ ಪ್ರಶ್ನೆಯನ್ನು ಕೇಳುತ್ತಲೇ ಇರಲಿಲ್ಲ, ಆ ಪದ ಅದಕ್ಕೆ ಏನನ್ನೂ ಹೇಳುವುದಿಲ್ಲವಾದ್ದರಿಂದ. ಪ್ರಶ್ನೆ ಹುಟ್ಟದ ಕಡೆ ತಪ್ಪು ತಿಳಿವಳಿಕೆಯೂ ಕಾಣುವುದಿಲ್ಲ. ಹಿಂದೆ ಬೀಳುವುದೆಂದರೆ ಅದು.

ಮನವಿ ನಿಜವಾಗಿ ಹುಟ್ಟಿದ್ದು ಐದನೇ ಆಕ್ಷೇಪದಿಂದ ಎಂದು ನನ್ನ ಎಣಿಕೆ, ಉಳಿದವು ಅದರ ಜೊತೆಗೆ ಬಂದವು. ಅದು ಹೀಗಿದೆ: ಅನುವಂಶೀಯ ಕಾಯಿಲೆಯ ಪಾಠ ಮನೆಮನೆಯಲ್ಲಿ ಬೆಂಕಿ ಹಚ್ಚುತ್ತದೆ, ಸಂಬಂಧದಲ್ಲಿ ಮದುವೆಯಾದ ತಂದೆತಾಯಿಯನ್ನು ಮಕ್ಕಳು ಪ್ರಶ್ನಿಸುತ್ತಾರೆ, ಕಾಯಿಲೆ ಇರುವ ಮನೆತನಗಳಿಗೆ ಕಳಂಕ ಅಂಟುತ್ತದೆ. ಈ ಅಳುಕು ನನಗೆ ಅರ್ಥವಾಗುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕರ್ನಾಟಕದಲ್ಲಿ ರಕ್ತಸಂಬಂಧದ ಮದುವೆ ಅಪರೂಪವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮದುವೆಯಾದ ಹೆಂಗಸರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರದು ಅಂಥ ಮದುವೆ. ಗೋತ್ರ ನೋಡಿಯೇ ಮಾಡಿದ್ದೇವೆ, ಬೆಡಗು ನೋಡಿಯೇ ಮಾಡಿದ್ದೇವೆ ಎನ್ನುತ್ತದೆ ಮನವಿ. ಗೋತ್ರ, ಬೆಡಗು ತಂದೆಯ ಕಡೆಯಿಂದ ಇಳಿಯುತ್ತವೆ, ಜೀನ್‌ಗಳು ಇಬ್ಬರಿಂದಲೂ ಇಳಿಯುತ್ತವೆ. ಸೋದರಮಾವನ ಗೋತ್ರ ಬೇರೆ, ಆದರೆ ಅವನಿಗೂ ಅಕ್ಕನ ಮಗಳಿಗೂ ಜೀನ್‌ಗಳಲ್ಲಿ ಕಾಲು ಭಾಗ ಒಂದೇ ಹಿರಿಯರಿಂದ ಬಂದದ್ದು. ಸೋದರತ್ತೆಯ ಮಗ, ಸೋದರಮಾವನ ಮಗಳ ನಡುವೆ ಎಂಟರಲ್ಲಿ ಒಂದು ಭಾಗ. ಅಡಗಿದ ಕಾಯಿಲೆಯ ಜೀನ್ ಇಬ್ಬರಲ್ಲೂ ಇರುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ. ಇದು ಲೆಕ್ಕ, ಯಾರ ಮೇಲಿನ ಆರೋಪವೂ ಅಲ್ಲ. ಲೆಕ್ಕದ ಉಳಿದರ್ಧವನ್ನೂ ನಮ್ಮ ಮಕ್ಕಳು ಹೇಳುತ್ತಾರೆ, ಮನವಿ ಅದನ್ನು ಮರೆಮಾಡಿದೆ. ಸಂಬಂಧವಿಲ್ಲದವರ ಮದುವೆಯಲ್ಲಿ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಹುಟ್ಟಿನಿಂದಲೇ ತೀವ್ರ ತೊಂದರೆ ಇರುತ್ತದೆ. ಸೋದರ ಸಂಬಂಧಿಗಳ ಮದುವೆಯಲ್ಲಿ ಅದಕ್ಕೆ ಇನ್ನೆರಡು ಮೂರು ಸೇರುತ್ತದೆ. ಎಂದರೆ ಅಲ್ಲಿಯೂ ನೂರರಲ್ಲಿ ತೊಂಬತ್ತೈದರ ಸುಮಾರು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮನೆಯಲ್ಲಿ ಕಾಯಿಲೆಯ ಚರಿತ್ರೆ ಇದ್ದರೆ ಮದುವೆಗೆ ಮುಂಚೆ ವೈದ್ಯರನ್ನು ಕೇಳಿ, ಇಲ್ಲದಿದ್ದರೆ ಸುಮ್ಮನೆ ಹೆದರಬೇಡಿ: ಪಾಠ ಹೇಳುವುದು ಇಷ್ಟು. ಇದರಲ್ಲಿ ಬೆಂಕಿ ಎಲ್ಲಿದೆ?

ಕಳಂಕದ ಮಾತಿಗೆ ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಉತ್ತರ ಹೇಳುತ್ತದೆ. 1970ರ ದಶಕದ ನಡುವೆ ಅಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿಯ ಕೀಲು ಸವೆದು ನಡೆಯಲಾಗದೆ ಹೋಗುವ ಕಾಯಿಲೆ ಬೆಳಕಿಗೆ ಬಂತು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದು ಹೀಗಾಯಿತೆಂಬ ಅನುಮಾನ ಆಗ ಬಲವಾಗಿತ್ತು. ಆಮೇಲಿನ ವಂಶಾವಳಿ ಅಧ್ಯಯನಗಳು ಅದು ಅನುವಂಶೀಯ ಮೂಳೆರೋಗ, ಪ್ರಬಲ ರೀತಿಯಲ್ಲಿ ಇಳಿದು ಬರುವಂಥದ್ದು ಎಂದು ತೋರಿಸಿದವು. ಕಳಂಕ ಬೆಳೆಯುವುದು ಕಾರಣ ಗೊತ್ತಿಲ್ಲದ ಜಾಗದಲ್ಲಿ. ತಿಂದದ್ದರ ಫಲ, ಮಾಡಿದ್ದರ ಫಲ, ಶಾಪ ಎನ್ನುವವರಿಗೆ, ಇದು ಯಾರ ತಪ್ಪೂ ಅಲ್ಲ, ಜೀನ್ ಒಂದರಲ್ಲಿ ಆದ ಬದಲಾವಣೆ ಎಂದು ಹೇಳುವುದು ತಳಿವಿಜ್ಞಾನ. ಹೆಣ್ಣುಮಗು ಹುಟ್ಟಿತೆಂದು ಸೊಸೆಯನ್ನು ದೂರುವ ಮನೆಯಲ್ಲಿ, ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನ ಎಕ್ಸ್ ಅಥವಾ ವೈ ವರ್ಣತಂತುವಿನಿಂದ ಎಂದು ಹೇಳುವುದೂ ಅದೇ. ಯಾವ ಮನೆಯ ಶಾಂತಿಗಾಗಿ ಇದನ್ನು ಹೇಳಬಾರದು?

ತಂದೆತಾಯಿ ಇಬ್ಬರಲ್ಲೂ ಅಡಗಿದ ಕಾಯಿಲೆಯ ಜೀನ್ ಇದ್ದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂಬ ಲೆಕ್ಕವನ್ನು ಈ ಮಕ್ಕಳು ಚೌಕಾಬಾರದ ಹುಣಸೆಬೀಜದಲ್ಲಿ ಹೇಳಿಕೊಡುತ್ತಾರೆ. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ಎರಡು ಬೀಜ, ಒಂದು ಅಮ್ಮನದು, ಒಂದು ಅಪ್ಪನದು. ಕಪ್ಪು ಮಗ್ಗುಲು ಅಡಗಿದ ಕಾಯಿಲೆಯ ಜೀನ್. ಎರಡೂ ಕಪ್ಪು ಬಿದ್ದರೆ ಮಗುವಿಗೆ ಕಾಯಿಲೆ. ಮುಂಚಿನ ದಿನ ಒಂದೊಂದು ಬೀಜವನ್ನೂ ನೂರು ಸಲ ಎಸೆದು ನೋಡಿ, ಒಂದೇ ಮಗ್ಗುಲಿಗೆ ಹೆಚ್ಚು ಬೀಳುವವನ್ನು ತೆಗೆದಿಟ್ಟಿದ್ದರು. "ಮೊದಲನೇ ಮಗುವಿಗೆ ಬಂದ್ರೆ ಉಳಿದ ಮೂರಕ್ಕೆ ಬರಲ್ಲ ಅಲ್ವಾ ಅಕ್ಕ?" ಎಂದು ಒಬ್ಬಳು ಕೇಳಿದಳು. ಅಕ್ಕ ಬೀಜಗಳನ್ನು ಅವಳ ಕೈಗೇ ಕೊಟ್ಟು, "ಹಿಂದಿನ ಸಲ ಏನು ಬಿತ್ತು ಅಂತ ಬೀಜಕ್ಕೆ ನೆನಪಿರುತ್ತಾ?" ಎಂದಳು. ಓದಿದ ದೊಡ್ಡವರೂ ಎಡವುವ ಜಾಗ ಇದು. ಹೀಗೆಯೇ ಅಡಗಿದ ಜೀನ್‌ನಿಂದ ಬರುವ ಕುಡುಗೋಲು ಕಣ ರಕ್ತಹೀನತೆಯ ನಿರ್ಮೂಲನೆಗೆಂದು ಕೇಂದ್ರ ಸರ್ಕಾರ 2023ರ ಜುಲೈ 1ರಂದು ಆರಂಭಿಸಿದ ಯೋಜನೆಯಲ್ಲಿ ಕರ್ನಾಟಕವೂ ಇದೆ. ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ಕಾಯಿಲೆಯ ಜೀನ್ ಒಂದನ್ನಷ್ಟೇ ಹೊತ್ತ ವಾಹಕರೋ ಅಲ್ಲವೋ ಎಂಬ ಕಾರ್ಡನ್ನೂ ಕೈಗೆ ಕೊಡುತ್ತಾರೆ. 'ವಾಹಕ' ಎಂಬ ಪದಕ್ಕೆ ರೋಗಿ ಎಂಬ ಅರ್ಥವಲ್ಲವೆಂದು ಅಂಥ ಊರಿನ ಹುಡುಗರಿಗೆ ಗೊತ್ತಿಲ್ಲದಿದ್ದರೆ, ಆ ಕಾರ್ಡೇ ಕಳಂಕದ ಚೀಟಿಯಾಗುತ್ತದೆ.

ಉಳಿದ ಆಕ್ಷೇಪಗಳಿಗೆ ಹೆಚ್ಚು ಮಾತು ಬೇಡ. ಬೆಂಗಳೂರಿನಿಂದ ತಜ್ಞರು ಬರಲಿ ಎನ್ನುತ್ತಾರೆ. ಬರಲಿ, ಚಾಪೆ ಹಾಸಿ ಕೂರಿಸುತ್ತೇವೆ. ಆದರೆ ಅವರು ಬರುವವರೆಗೆ ಹತ್ತನೇ ತರಗತಿ ಕಾಯುವುದಿಲ್ಲ. ಘಟಕದ ಮಕ್ಕಳ ಅಂಕ ಇಳಿಯುತ್ತದೆ ಎನ್ನುತ್ತಾರೆ. ಎಂಟನೇ ತರಗತಿಯ ಮಗುವಿಗೆ ಅರ್ಥವಾಗುವಂತೆ ಹೇಳಲು ಮೂರು ಸಲ ಓದಿದವರಿಗೆ ತಳಿವಿಜ್ಞಾನದ ಪತ್ರಿಕೆ ಹೇಗೆ ಕಷ್ಟವಾಗುತ್ತದೆ, ತಿಳಿಸಲಿ.

ತೂಕವಿರುವುದು ಕೊನೆಯ ಆಕ್ಷೇಪಕ್ಕೆ: ಮೂರು ವರ್ಷ ಮುಗಿಸಿ ಇವರು ಹೊರಟುಹೋಗುತ್ತಾರೆ, ಘಟಕ ಮುಚ್ಚುತ್ತದೆ, ಹಳ್ಳಿಯ ಮಕ್ಕಳು ನಡುದಾರಿಯಲ್ಲಿ ಉಳಿಯುತ್ತಾರೆ. ಈ ಭಯ ಸುಳ್ಳಲ್ಲ. ಅದಕ್ಕೇ ಕೊನೆಯ ವರ್ಷದವರು ಯಾರೂ ಒಬ್ಬರೇ ಪಾಠಕ್ಕೆ ಹೋಗುವುದಿಲ್ಲ, ಮೊದಲ ಅಥವಾ ಎರಡನೇ ವರ್ಷದವರೊಬ್ಬರು ಜೊತೆಗಿರುತ್ತಾರೆ, ಮುಂದಿನ ಸಲ ಪಾಠ ಅವರದು. ಇಷ್ಟಾದರೂ ಘಟಕ ನಿಲ್ಲಬಹುದು. ನಿಂತುಹೋಗಬಹುದು ಎಂಬ ಕಾರಣಕ್ಕೆ ಇವತ್ತೇ ನಿಲ್ಲಿಸಿ ಎನ್ನುವವರು, ಯಾವುದು ಆಗಬಾರದೆಂದು ಹೆದರುತ್ತಿದ್ದಾರೋ ಅದನ್ನೇ ಕೈಯಾರೆ ಮಾಡಲು ಹೊರಟಿದ್ದಾರೆ.

ನಾಲ್ಕು ಪುಟದಲ್ಲಿ ಎಲ್ಲಿಯೂ, ಇಂಥ ದಿನ, ಇಂಥ ಶಾಲೆಯಲ್ಲಿ, ಇಂಥ ಮಾತು ತಪ್ಪಾಗಿತ್ತು ಎಂಬ ಒಂದು ಸಾಲಿಲ್ಲ. ನೋಟ್‌ಬುಕ್ ನನ್ನ ಮೇಜಿನ ಮೇಲಿದೆ, ಇವತ್ತಿಗೆ 64 ಪುಟ ತುಂಬಿದೆ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಯಾರು ಬೇಕಾದರೂ ಬಂದು ಓದಬಹುದು. ತಪ್ಪು ಕಂಡರೆ ಪುಟದ ಸಂಖ್ಯೆ ಬರೆದು ಕೊಡಲಿ. ಬರುವ ಶನಿವಾರ ಅದೇ ಶಾಲೆಗೆ, ಅದೇ ಮಕ್ಕಳ ಮುಂದೆ, ತಿದ್ದಿ ಹೇಳಿ ಬರುತ್ತಾರೆ.